ಆಮದಾರ್ ಖಾಸದಾರ್ ಆದ ಮಳೆಗಾಲ

ನಮಸ್ಕಾರ. ಮುಂಬೈಯಲ್ಲಿರುವ ನಾವು ಮನೆಯೊಳಗೆ ಕನ್ನಡ ಮಾತಾಡುವಾಗಲೂ ಎಂಎಲ್‌ಎ, ಎಂಪಿ ಅನ್ನುವುದು ಕಡಿಮೆ. ಆಮದಾರ್, ಖಾಸದಾರ್ ಅಂತಲೇ ಬಾಯಿಗೆ ಬರುತ್ತದೆ. ಬ್ಯಾನರಿನಲ್ಲಿ ಎರಡು ಅಕ್ಷರ ಬದಲಾದರೆ ಆಯ್ತು, ಮನುಷ್ಯ ದೆಹಲಿಗೆ ಹೋದ ಅಂತ ಲೆಕ್ಕ. ಡೋಲು ಬಡಿಯುತ್ತದೆ, ಪೇಡೆ ಬರುತ್ತದೆ. ನಮ್ಮವರು ಮೇಲೆ ಹೋದರು ಅಂತ ನಾವೂ ತಿನ್ನುತ್ತೇವೆ.

ನನ್ನ ತಕರಾರು ಇರುವುದು ಈ 'ಮೇಲೆ' ಅನ್ನುವ ಮಾತಿನ ಬಗ್ಗೆ.

ಮಹಾರಾಷ್ಟ್ರದಲ್ಲಿ ಒಬ್ಬ ಆಮದಾರ್‌ಗೆ ಕ್ಷೇತ್ರದ ಕೆಲಸಕ್ಕೆ ವರ್ಷಕ್ಕೆ 5 ಕೋಟಿ ರೂಪಾಯಿ ನಿಧಿ. ಖಾಸದಾರ್‌ಗೂ 5 ಕೋಟಿಯೇ. ಆದರೆ ಇಲ್ಲಿ ಒಂದು ಲೋಕಸಭಾ ಕ್ಷೇತ್ರದೊಳಗೆ ಆರು ವಿಧಾನಸಭಾ ಕ್ಷೇತ್ರ. ಸಾರಿನ ಬಕೆಟ್ ಅದೇ, ಪಂಕ್ತಿ ಆರು ಪಟ್ಟು ಉದ್ದ. ನೀವು ಎಲೆ ಹಾಕಿಕೊಂಡು ಕೂತವರು, ಹೇಳಿ, ಇದು ಬಡ್ತಿನಾ?

2024 ನೆನಪು ಮಾಡಿಕೊಳ್ಳಿ. ರವೀಂದ್ರ ವಾಯ್ಕರ್ ಜೋಗೇಶ್ವರಿ ಪೂರ್ವದಿಂದ 2009, 2014, 2019ರಲ್ಲಿ ಗೆದ್ದವರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಕಾರ್ಪೊರೇಟರ್. ಮಾರ್ಚಿನಲ್ಲಿ ಶಿವಸೇನೆಯ ಉದ್ಧವ್ ಬಣ ಬಿಟ್ಟು ಶಿಂದೆ ಬಣಕ್ಕೆ ಬಂದರು, ಮುಂಬೈ ವಾಯವ್ಯಕ್ಕೆ ಲೋಕಸಭೆ ಟಿಕೆಟ್ ಸಿಕ್ಕಿತು. ಜೂನ್ 4ರಂದು ಗೋರೆಗಾಂವ್‌ನ ನೆಸ್ಕೋದಲ್ಲಿ ಎಣಿಕೆ. ಮತಯಂತ್ರದ ಲೆಕ್ಕದಲ್ಲಿ ಎದುರಾಳಿ ಅಮೋಲ್ ಕೀರ್ತಿಕರ್ ಒಂದೇ ಒಂದು ವೋಟು ಮುಂದಿದ್ದರು. ಅಂಚೆ ಮತ ಸೇರಿಸಿದ ಮೇಲೆ ವಾಯ್ಕರ್ ಗೆದ್ದರು. 48 ವೋಟಿನಲ್ಲಿ! ನಮ್ಮ ಸೊಸೈಟಿಯ ಒಂದು ವಿಂಗ್‌ನಲ್ಲಿ ಅದಕ್ಕಿಂತ ಜಾಸ್ತಿ ವೋಟಿದೆ. ಅದೇ ದಿನ ಧಾರಾವಿಯ ಆಮದಾರ್ ವರ್ಷಾ ಗಾಯಕ್‌ವಾಡ್ ಉತ್ತರ ಮಧ್ಯ ಕ್ಷೇತ್ರದಿಂದ ಉಜ್ವಲ್ ನಿಕಮ್ ಅವರನ್ನು ಸೋಲಿಸಿ ಖಾಸದಾರ್ ಆದರು.

ಫಲಿತಾಂಶ ಬಂದದ್ದೇ ಟಿವಿಯವರು ಕ್ಯಾಮೆರಾ ಎತ್ತಿಕೊಂಡು ಹೊರಟುಹೋದರು. ನಮಗೆ ಬೇಕಾದದ್ದು ಶುರುವಾಗುವುದೇ ಅಲ್ಲಿಂದ. ಎರಡು ಕುರ್ಚಿ ಇಟ್ಟುಕೊಳ್ಳುವ ಹಾಗಿಲ್ಲ. ವಿಧಾನಸಭೆಯ ಕುರ್ಚಿ 14 ದಿನದೊಳಗೆ ಬಿಡಬೇಕು, ಇಲ್ಲದಿದ್ದರೆ ಲೋಕಸಭೆಯದೇ ಹೋಗುತ್ತದೆ. ಬಿಟ್ಟರು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ಮಾಡಲೇಬೇಕು ಅಂತಿಲ್ಲ. ಮಾಡಲಿಲ್ಲ. ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿಗೇ ಮುಗಿದಿತ್ತು. ಮುಂದಿನ ಚುನಾವಣೆ ಆದದ್ದು 2026ರ ಜನವರಿಯಲ್ಲಿ. ಅಂದರೆ 2024ರ ಇಡೀ ಮಳೆಗಾಲ ಜೋಗೇಶ್ವರಿ ಪೂರ್ವಕ್ಕೂ ಧಾರಾವಿಗೂ ಕಾರ್ಪೊರೇಟರೂ ಇಲ್ಲ, ಆಮದಾರೂ ಇಲ್ಲ. ಇದ್ದವರು ತಲಾ ಒಬ್ಬ ಖಾಸದಾರ್, ಅವರಿಗೆ ದೆಹಲಿಯಲ್ಲಿ ಅಧಿವೇಶನ.

ಇಂಥ ಒಂದು ಖಾಲಿ ಕ್ಷೇತ್ರದ ಚಾಳಿನಲ್ಲಿ ಕಾರ್ಕಳದ ಅಣ್ಣ ಒಬ್ಬರಿದ್ದಾರೆ, ನನಗೆ ಹಳೇ ಪರಿಚಯ. ಜುಲೈಯಲ್ಲಿ ಅವರ ಬಾಗಿಲ ಮುಂದಿನ ಗಟಾರದ ಮುಚ್ಚಳ ಒಡೆಯಿತು. ಅಣ್ಣ ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅದರ ಮೇಲೆ ಮಗುಚಿಟ್ಟು, ಕಾಲಿಗೆ ಕೆಂಪು ಬಟ್ಟೆ ಕಟ್ಟಿ ಆಫೀಸುಗಳಿಗೆ ಅಲೆದರು. ಒಬ್ಬ ಅಧಿಕಾರಿ ಕೇಳಿದನಂತೆ, ಆಮದಾರರ ಲೆಟರ್ ಇದೆಯಾ? ಇವರು ಅಂದರು, "ಆಮದಾರೇ ಇಲ್ಲ ಸಾಹೇಬ್ರೆ, ಲೆಟರ್ ಎಲ್ಲಿಂದ ತರಲಿ?" ಕೊನೆಗೆ ಚಾಳಿನವರೇ ದುಡ್ಡು ಹಾಕಿ ಮುಚ್ಚಳ ಮಾಡಿಸಿದರು. ಆಮದಾರರ ಲೆಟರ್‌ಹೆಡ್ಡಿಗೆ ಕಾನೂನಿನಲ್ಲಿ ಎಷ್ಟು ಬೆಲೆ ಅಂತ ಕೇಳಬೇಡಿ. ಗಲ್ಲಿಯಲ್ಲಿ ಅದಕ್ಕೆ ಬೆಲೆ ಇದೆ.

ಮುಂಬೈಯವರಿಗೆ ಪಗ್ಡಿ ರೂಮು ಗೊತ್ತು, ಮಾಲೀಕನಿಗೆ ಮೊದಲೇ ದೊಡ್ಡ ಮೊತ್ತ ಕೊಟ್ಟು ತಲೆಮಾರುಗಟ್ಟಲೆ ಹಿಡಿದುಕೊಳ್ಳುವ ಹಳೇ ಬಾಡಿಗೆ ರೂಮು. ಇದ್ದವನು ಹೋದರೂ ರೂಮು ಮನೆಯವರ ಕೈ ಬಿಡಬಾರದು. ಕ್ಷೇತ್ರಕ್ಕೂ ಈಗ ಅದೇ ಹಿಸಾಬು. ನವೆಂಬರಿನ ಚುನಾವಣೆಯಲ್ಲಿ ಜೋಗೇಶ್ವರಿಯಿಂದ ನಿಂತದ್ದು ವಾಯ್ಕರ್ ಪತ್ನಿ ಮನೀಷಾ. ಸುಮಾರು ಒಂದೂವರೆ ಸಾವಿರ ವೋಟಿನಲ್ಲಿ ಸೋತರು. ಧಾರಾವಿಯಲ್ಲಿ ನಿಂತದ್ದು ವರ್ಷಾ ಅವರ ತಂಗಿ ಜ್ಯೋತಿ. ಅವರು ಗೆದ್ದರು.

ಪಗ್ಡಿಯಲ್ಲಿ ಮಾಲೀಕ ಅಂತಲೂ ಒಬ್ಬ ಇರುತ್ತಾನಲ್ಲ, ಅವನನ್ನು ನೋಡಬೇಕಾದರೆ ಬೋರಿವಲಿಗೆ ಬನ್ನಿ. ನಮ್ಮ ಕರಾವಳಿ ಮೂಲದ ಗೋಪಾಲ ಶೆಟ್ಟರು 1992ರಲ್ಲಿ ಕಾರ್ಪೊರೇಟರ್, 2004ರಲ್ಲೂ 2009ರಲ್ಲೂ ಬೋರಿವಲಿಯ ಆಮದಾರ್. ಗಾರ್ಡನ್ ಮಾಡಿಸಿಯೇ ಹೆಸರು ಮಾಡಿದವರು. 2014ರಲ್ಲಿ ಲೋಕಸಭೆಗೆ ಹೋದರು, ನಾಲ್ಕು ಲಕ್ಷಕ್ಕೂ ಜಾಸ್ತಿ ಅಂತರ. 2019ರಲ್ಲಿ ಊರ್ಮಿಳಾ ಮಾತೋಂಡ್ಕರ್ ಎದುರು ಅದಕ್ಕಿಂತಲೂ ಜಾಸ್ತಿ. ಇಷ್ಟಾದರೂ 2024ರಲ್ಲಿ ಅವರ ಪಕ್ಷ ಬಿಜೆಪಿ ಟಿಕೆಟ್ ಕೊಟ್ಟದ್ದು ಪೀಯೂಷ್ ಗೋಯಲ್‌ಗೆ. ಹೋಗಲಿ, ಹಳೇ ರೂಮಿಗೆ ವಾಪಸ್ ಬರೋಣ ಅಂದರೆ ಅಲ್ಲಿ 2014ರಲ್ಲಿ ವಿನೋದ್ ತಾವ್ಡೆ, 2019ರಲ್ಲಿ ಸುನಿಲ್ ರಾಣೆ, ಈಗ ಸಂಜಯ್ ಉಪಾಧ್ಯಾಯ. ಹೊರಗಿನವರನ್ನೇ ತಂದು ಕೂರಿಸುತ್ತೀರಿ ಅಂತ ಶೆಟ್ಟರು ಸಿಟ್ಟಾಗಿ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಕೊನೆಯ ದಿನ ವಾಪಸ್ ತೆಗೆದರು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಮನುಷ್ಯ. ಇಳಿದು ಬರಲು ಮಾತ್ರ ಮಾಲೀಕನ ಪರ್ಮಿಷನ್ ಬೇಕಾಯಿತು. ನನಗೆ ಅವರ ಪಕ್ಷದ ಬಗ್ಗೆ ಒಲವೇನಿಲ್ಲ, ಆದರೂ ಅವತ್ತು ಬೇಜಾರಾಯಿತು.

ಲೋಕಸಭೆಗೆ ನಿಲ್ಲುವ ಆಮದಾರ್ ಮೊದಲು ರಾಜೀನಾಮೆ ಕೊಟ್ಟು ನಿಲ್ಲಲಿ ಅಂತ ನಾನು ವಾದ ಮಾಡುತ್ತಿದ್ದೆ. ಪುಣೆಯ ರವೀಂದ್ರ ಧಂಗೇಕರ್ ನೋಡಿ. 2023ರಲ್ಲಿ ಕಸಬಾ ಪೇಟೆ ಗೆದ್ದು, ಮುಂದಿನ ವರ್ಷವೇ ಲೋಕಸಭೆಗೆ ನಿಂತು ಮುರಳೀಧರ ಮೊಹೋಳ್ ಎದುರು ಸೋತರು. ಆಮದಾರ್ ಕುರ್ಚಿ ಹಾಗೇ ಕಾಯುತ್ತಿತ್ತು. ನವೆಂಬರಿನಲ್ಲಿ ಜನ ಅದನ್ನೂ ಕಿತ್ತುಕೊಂಡರು, ಆ ಮಾತು ಬೇರೆ.

ನನ್ನ ವಾದ ಕೇಳಿ ಕಾರ್ಕಳದ ಅಣ್ಣ ನಕ್ಕುಬಿಟ್ಟರು. "ಎಂಥ ಮಾರಾಯ್ರೆ, ಮೊದಲೇ ರಾಜೀನಾಮೆ ಕೊಟ್ಟರೆ ಇನ್ನೂ ಎರಡು ತಿಂಗಳು ಜಾಸ್ತಿ ಖಾಲಿ ಅಲ್ವಾ?" ಹೌದಲ್ಲ ಅನ್ನಿಸಿತು.

ಅಣ್ಣನದು ಬೇರೆ ಉಪಾಯ. ಮುಂದಿನ ಸಲ ಆಮದಾರ್ ಯಾರಾದರೂ ಲೋಕಸಭೆಗೆ ನಿಂತು ಚಾಳಿಗೆ ಕೈ ಮುಗಿಯುತ್ತಾ ಬಂದರೆ ಅವರು ಒಂದೇ ಪ್ರಶ್ನೆ ಕೇಳುತ್ತಾರಂತೆ. ನೀವು ಗೆದ್ದ ಮಾರನೇ ದಿನ ನಮ್ಮ ಗಟಾರಕ್ಕೆ ಲೆಟರ್ ಯಾರು ಕೊಡುತ್ತಾರೆ? ಆ ಕುರ್ಚಿ ಅವರು ಇನ್ನೂ ಎಸೆದಿಲ್ಲ, ಮಾಳಿಗೆಯ ಮೇಲಿದೆ.