ಕೆಸರಿನ ಬೆಟ್ಟ ಓಡುವಾಗ ವಾಚ್ ನೋಡಬೇಡಿ

ಬೆಳಗ್ಗೆ ಏಳಕ್ಕೆ ಯಾವ ರನ್ನಿಂಗ್ ಗ್ರೂಪ್ ತೆಗೆದರೂ ಅದೇ ಸ್ಕ್ರೀನ್‌ಶಾಟ್. ಹತ್ತು ಕಿಲೋಮೀಟರ್, ಪೇಸ್ 5:40, ಅಂದರೆ ಒಂದು ಕಿಲೋಮೀಟರ್‌ಗೆ 5 ನಿಮಿಷ 40 ಸೆಕೆಂಡ್. ಕೆಳಗೆ ಸಾಲಾಗಿ ಬೆಂಕಿ ಎಮೋಜಿ. ಓಡಲಿ, ಸಂತೋಷ. ನನ್ನ ತಕರಾರು ಓಟದ ಬಗ್ಗೆ ಅಲ್ಲವೇ ಅಲ್ಲ. ಅದೇ 5:40 ಹಿಡಿದುಕೊಂಡು, ಮಳೆಗಾಲದಲ್ಲಿ, ಮಲೆನಾಡಿನ ಕಡೆ ಎಲ್ಲೋ ಬೆಟ್ಟದ ಟ್ರೇಲ್ ರೇಸ್‌ಗೆ (ಡಾಂಬರಿಲ್ಲದ ಕಾಲುದಾರಿಯ ಓಟ) ಹೆಸರು ಕೊಟ್ಟು, "ಇಪ್ಪತ್ತೈದು ಕಿಲೋಮೀಟರ್ ಅಲ್ವಾ, ಎರಡೂವರೆ ಗಂಟೆ ಸಾಕು ಬಿಡಪ್ಪಾ" ಅನ್ನುತ್ತಾರಲ್ಲ, ಅವರ ಹತ್ತಿರ ನನಗೆ ಸ್ವಲ್ಪ ಜಗಳ ಇದೆ.

ಬೆಟ್ಟದಲ್ಲಿ ಕಿಲೋಮೀಟರ್‌ಗೆ ಎಷ್ಟು ನಿಮಿಷ ಅನ್ನುವ ಲೆಕ್ಕಕ್ಕೆ ಬೆಲೆ ಇಲ್ಲ. ಕೆಸರಿದ್ದರೆ ಇನ್ನೂ ಇಲ್ಲ. ಇದು ಹೊಸ ವಿಷಯವೂ ಅಲ್ಲ. 1892ರಲ್ಲೇ ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತುತ್ತಿದ್ದ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಬರೆದಿಟ್ಟರು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಹೇಳಿದರೆ 100 ಮೀಟರ್ ಏರಿಗೆ ಹತ್ತಿರ ಹತ್ತಿರ ಹತ್ತು ನಿಮಿಷ ಜಾಸ್ತಿ. ಇದು ನಡೆಯುವವರ ಲೆಕ್ಕ, ಓಡುವವರಿಗೆ ಅಂಕಿ ಬದಲಾಗುತ್ತದೆ. ಆದರೂ ದೂರಕ್ಕೆ ಒಂದು ಖಾತೆ, ಏರಿಗೆ ಇನ್ನೊಂದು ಖಾತೆ ಅಂತ ಆ ಕಾಲದಲ್ಲೇ ಬೇರೆ ಮಾಡಿದ್ದರು. ನಾವು ಇಪ್ಪತ್ತು ಸಾವಿರದ ವಾಚ್ ಕಟ್ಟಿಕೊಂಡು ಎರಡನ್ನೂ ಒಂದೇ ಖಾತೆಗೆ ಹಾಕುತ್ತಿದ್ದೇವೆ.

ಇನ್ನು ಕೆಸರು. ನಮ್ಮ ಚಿತ್ರದುರ್ಗದವರಿಗೆ ಮಣ್ಣಿನ ಪಾಠ ಹೇಳಬೇಕಾಗಿಲ್ಲ. ಹಿರಿಯೂರು ಕಡೆ ಎರೆ ಹೊಲದಲ್ಲಿ ಹಸ್ತಾ ಮಳೆ ಬಿದ್ದ ಮಾರನೇ ದಿನ ನಡೆದು ನೋಡಿ, ಚಪ್ಪಲಿ ಕೈಗೆ ಬರುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಹಿಡಿದಿದ್ದನ್ನು ಬಿಡಲ್ಲ. ಹೆಜ್ಜೆ ಹೆಜ್ಜೆಗೂ ಶೂ ದಪ್ಪ ಆಗುತ್ತಾ ಹೋಗುತ್ತದೆ. ಕೆಂಪು ಮಣ್ಣು ಅಷ್ಟು ಹಟ ಮಾಡಲ್ಲ, ಜಾರಿಸುತ್ತದೆ ಅಷ್ಟೇ. ಓಟದ ವಿಜ್ಞಾನದವರು ಅಳೆದು ಹೇಳಿರುವ ಒಂದು ಅಂಕಿ ಇದೆ: ಒಂದೊಂದು ಶೂಗೆ 100 ಗ್ರಾಂ ತೂಕ ಸೇರಿಸಿದರೆ, ಅದೇ ವೇಗದಲ್ಲಿ ಓಡಲು ಸುಮಾರು 1% ಜಾಸ್ತಿ ಶಕ್ತಿ ಬೇಕು. ಅದು ಪ್ರಯೋಗಶಾಲೆಯ ಟ್ರೆಡ್‌ಮಿಲ್ ಮೇಲೆ, ಒಣಗಿದ ಶೂನಲ್ಲಿ. ನಿಮ್ಮ ಕಾಲಲ್ಲಿ ಅರ್ಧ ಕೆಜಿ ಎರೆ ಮಣ್ಣು ಕೂತಿದೆ, ಕೆಳಗೆ ಜಾರುತ್ತಿದೆ, ಮೇಲೆ ಏರು. ಆಗಲೂ ವಾಚ್ ಮಾತ್ರ 5:40 ಎಲ್ಲಿ ಅಂತ ಕೇಳುತ್ತಿರುತ್ತದೆ.

ಏರಿನಲ್ಲಿ ನಡೆಯಿರಿ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. "ನಡೆಯೋದಾದರೆ ರೇಸ್ ಯಾಕೆ?" ಅಂತಾರೆ. ತುಂಬಾ ಕಡಿದಾದ ಏರಿನಲ್ಲಿ, ಒಂದೇ ವೇಗದಲ್ಲಿ ಹೋದರೆ, ಓಡುವುದಕ್ಕಿಂತ ನಡೆಯುವುದಕ್ಕೆ ಕಡಿಮೆ ಶಕ್ತಿ ಸಾಕು ಅಂತ ಅಳೆದು ತೋರಿಸಿದ್ದಾರೆ. ದೊಡ್ಡ ದೊಡ್ಡ ಬೆಟ್ಟದ ಓಟ ಗೆಲ್ಲುವವರೂ ಕಡಿದು ಬಂದಾಗ ಕೈಯನ್ನು ಮಂಡಿ ಮೇಲೆ ಒತ್ತಿಕೊಂಡು ನಡೆಯುತ್ತಾರೆ. ನಮ್ಮವರಿಗೆ ಮಾತ್ರ ಫೋಟೋ ತೆಗೆಯುವವನು ಕಂಡ ತಕ್ಷಣ ಓಡಬೇಕು ಅನ್ನಿಸುತ್ತದೆ. ಸರಿ, ಫೋಟೋಗೆ ಹತ್ತು ಹೆಜ್ಜೆ ಓಡಿ. ಆಮೇಲೆ ನಡೆಯಿರಿ.

ಈಗ ಇಳಿಜಾರಿಗೆ ಬರುತ್ತೇನೆ. ಇದರ ಬಗ್ಗೆ ಯಾರೂ ಮಾತಾಡಲ್ಲ, ನನ್ನ ಪ್ರಕಾರ ಹೆಚ್ಚಿನವರು ಸೋಲುವುದು ಇಲ್ಲೇ. ದಾವಣಗೆರೆಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಭದ್ರಾ ನಾಲೆ ಪಕ್ಕದ ದಾರಿಯಲ್ಲಿ ಓಡುತ್ತಾನೆ, ನನಗಿಂತ ತುಂಬಾ ಫಾಸ್ಟ್. ಆ ಕಡೆ ಎಲ್ಲಿ ನೋಡಿದರೂ ಬಯಲು, ಭತ್ತದ ಗದ್ದೆ. ಇಬ್ಬರೂ ಕೂಡಿ ಒಂದು ಟ್ರೇಲ್ ರೇಸ್‌ಗೆ ಹೋಗಿದ್ದೆವು. ಮೊದಲ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ಹೋದವನು ಎರಡನೇ ಇಳಿಜಾರಿನಲ್ಲಿ ಸಿಕ್ಕಿದ. ಒಂದು ಮರ ಹಿಡಿದುಕೊಂಡು ನಿಂತಿದ್ದ. ಉಸಿರು ಸರಿಯಾಗೇ ಇದೆ, ತೊಡೆ ಮಾತ್ರ ಗಡಗಡ ನಡುಗುತ್ತಿದೆ. ಮಾರನೇ ದಿನ ಬಸ್ಸಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದ, ಕಂಡಕ್ಟರ್ ಒಮ್ಮೆ ಅವನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

ಇಳಿಯುವಾಗ ಆಗುವುದು ಇಷ್ಟು. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ಮೈಯನ್ನು ಮೇಲೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಿರುವಾಗಲೇ ಮೈಯ ಭಾರ ತಡೆಯಬೇಕು. ಎಂಜಿನ್ ಬಿಸಿಯಾಗದೆ ಬ್ರೇಕ್ ಒಂದೇ ಕಾದು ಕೆಂಪಗಾಗುವ ಘಾಟಿಯ ಲಾರಿ ಥರ. ಹೀಗೆ ತಡೆಯುವ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ನೋವು ಅವತ್ತೇ ಗೊತ್ತಾಗಲ್ಲ, ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಉಸಿರು ಏರದೇ ಇರುವುದರಿಂದ ಇಳಿಜಾರು ಸುಲಭ ಅಂತ ನಮಗೆ ಅನ್ನಿಸುವುದು. ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಜೊತೆಗಾರರು 2002ರಲ್ಲಿ ಬೇರೆ ಬೇರೆ ಇಳಿಜಾರಿನಲ್ಲಿ ಜನರನ್ನು ಓಡಿಸಿ ನೋಡಿದರು. ಸುಮಾರು 20% ಇಳಿಜಾರಿನವರೆಗೆ (100 ಮೀಟರ್ ಮುಂದೆ ಹೋದರೆ 20 ಮೀಟರ್ ಇಳಿಯುವಷ್ಟು) ಶಕ್ತಿಯ ಖರ್ಚು ಇಳಿಯುತ್ತಾ ಬರುತ್ತದೆ, ಅದಕ್ಕಿಂತ ಕಡಿದಾದರೆ ಮತ್ತೆ ಏರುತ್ತದೆ. ಬ್ರೇಕ್ ಹಾಕುವುದಕ್ಕೂ ಖರ್ಚಿದೆ ಅಂತಾಯ್ತು.

ಒಳ್ಳೆ ಸುದ್ದಿಯೂ ಇದೆ. ಒಂದು ಸಲ ಇಳಿಜಾರಿನಲ್ಲಿ ಓಡಿ ತೊಡೆ ನೋಯಿಸಿಕೊಂಡರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋವಾಗಲ್ಲ. ಸ್ನಾಯು ಕಲಿತುಬಿಡುತ್ತದೆ. ಹಾಗಾಗಿ ರೇಸ್‌ಗೆ ಒಂದು ತಿಂಗಳ ಮುಂಚಿನಿಂದಲೇ ವಾರಕ್ಕೊಮ್ಮೆ ಇಳಿಜಾರು ಓಡಿ, ಕೊನೆಯ ವಾರ ಬಿಡಿ. ಮೊದಲ ಸಲ ಸ್ವಲ್ಪವೇ ಸಾಕು, ಹುಮ್ಮಸ್ಸಿನಲ್ಲಿ ಇಡೀ ಬೆಟ್ಟ ಇಳಿಯಬೇಡಿ. ಕಾಲುಬೆರಳಿನ ಉಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಶೂ ಮುಂಭಾಗಕ್ಕೆ ಹೊಡೆದೂ ಹೊಡೆದೂ ಕಪ್ಪಾಗುತ್ತದೆ. ಕಾಟನ್ ಸಾಕ್ಸ್ ಬೇಡ, ನೀರು ಹಿಡಿದುಕೊಂಡು ಬೊಬ್ಬೆ ಎಬ್ಬಿಸುತ್ತದೆ. ಕೆಸರಿನಲ್ಲಿ ಇಳಿಯುವಾಗ ಹೆದರಿ ಹಿಂದಕ್ಕೆ ವಾಲಿದಿರೋ ಹಿಮ್ಮಡಿ ಜಾರಿ ಕೂರುತ್ತೀರಿ. ಹೆಜ್ಜೆ ಚಿಕ್ಕದು, ಬೇಗ ಬೇಗ, ಕೈ ಎರಡೂ ಅಗಲಕ್ಕೆ. ಮತ್ತೆ, ದೊಡ್ಡ ಹಲ್ಲಿನ ಟ್ರೇಲ್ ಶೂ ಕೆಸರಿಗೆ ಮಾತ್ರ. ನಮ್ಮ ದುರ್ಗದ ಬಂಡೆ ಒದ್ದೆಯಾದರೆ ಯಾವ ಶೂನ ಮಾತನ್ನೂ ಕೇಳಲ್ಲ. ಅಲ್ಲಿ ಕೂತು ಇಳಿಯಿರಿ, ಮರ್ಯಾದೆ ಹೋಗಲ್ಲ.

ಹಾಗಾದರೆ ದಿನದ ತಾಲೀಮು ಏನು? ಇಲ್ಲೂ ನನ್ನ ಹಟ ಅದೇ. ಪೇಸ್ ಬಿಡಿ, ಕಾಲ ಮೇಲೆ ಎಷ್ಟು ಹೊತ್ತು ಇದ್ದಿರಿ ಅಂತ ನೋಡಿ. ಆ ಹೊತ್ತಿನ ಬಹುಪಾಲು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನ ಇರಲಿ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ದೊಡ್ಡ ಮಟ್ಟದ ಸ್ಪರ್ಧಿಗಳ ತಾಲೀಮು ನೋಡಿ ಹೇಳಿದ್ದು, ಅವರ ಹತ್ತು ತಾಲೀಮಿನಲ್ಲಿ ಸುಮಾರು ಎಂಟು ಸುಲಭದವು ಅಂತ. ನಾವು ಉಲ್ಟಾ. ನಿಧಾನ ಓಡಬೇಕಾದ ದಿನ ಗ್ರೂಪ್‌ಗೆ ತೋರಿಸಲು ಜೋರಾಗಿ ಓಡುತ್ತೇವೆ, ಜೋರು ಓಡಬೇಕಾದ ದಿನ ಕಾಲು ಸೋತಿರುತ್ತದೆ. ಎಲ್ಲಾ ದಿನವೂ ಒಂದೇ ಥರ ಅರೆಬರೆ. ನಿಧಾನ ಓಡಿದಾಗಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ಸ್ನಾಯುವಿಗೆ ರಕ್ತ ತರುವ ಸಣ್ಣ ನಾಳಗಳು ಜಾಸ್ತಿಯಾಗುತ್ತವೆ, ಕೊಬ್ಬನ್ನು ಉರಿಸಿಕೊಳ್ಳುವ ತಾಕತ್ತು ಬೆಳೆಯುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು, ಸ್ಕ್ರೀನ್‌ಶಾಟ್‌ನಲ್ಲಿ ಕಾಣಲ್ಲ.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ದುಡಿದವರು, ಆಮೇಲೆ ಕೋಚ್ ಆದರು. ತಮ್ಮ ಹುಡುಗರನ್ನು ಆಕ್ಲೆಂಡ್ ಹೊರಗಿನ ಗುಡ್ಡದ ದಾರಿಯಲ್ಲಿ 22 ಮೈಲಿ ಸುತ್ತು ಓಡಿಸುತ್ತಿದ್ದರು. ಮ್ಯಾರಥಾನ್‌ನವರನ್ನು ಓಡಿಸಿದರೆ ಸರಿ, 800 ಮೀಟರ್ ಓಡುವವರನ್ನೂ ಬಿಡುತ್ತಿರಲಿಲ್ಲ. ಎರಡು ನಿಮಿಷವೂ ಇಲ್ಲದ ಓಟಕ್ಕೆ 35 ಕಿಲೋಮೀಟರ್ ಬೆಟ್ಟ! ಅವರಲ್ಲಿ ಒಬ್ಬರು ಪೀಟರ್ ಸ್ನೆಲ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ, 1964ರಲ್ಲಿ ಟೋಕಿಯೊದಲ್ಲಿ 800 ಮತ್ತು 1500 ಎರಡೂ ಚಿನ್ನ.

ಇನ್ನೊಬ್ಬರ ಕಥೆ ನನಗೆ ಇದಕ್ಕಿಂತ ಇಷ್ಟ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಅಂದರೆ ಮಳೆ, ಕೆಸರು, ಬೋಳು ಬೆಟ್ಟ. ಅಲ್ಲಿ ಜಾಸ್ ನೇಯ್ಲರ್ ಅಂತ ಇದ್ದರು, ಕಸುಬು ಕುರಿ ಸಾಕಣೆ. 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಹತ್ತಿ ಇಳಿದರು. ದಿನಾ ಕುರಿ ಹಿಂದೆ ಗುಡ್ಡ ಹತ್ತಿ ಇಳಿಯುವ ಕೆಲಸ ಅವರದು, ಕಾಲಿಗೆ ಬೇರೆ ಶಾಲೆ ಬೇಕಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ನಮ್ಮ ಕುರಿಗಾಹಿಗಳನ್ನು ನೋಡಿ. ಕಂಬಳಿ ಹೆಗಲಿಗೆ ಹಾಕಿಕೊಂಡು ಬೆಳಗ್ಗೆ ಹೊರಟರೆ ಸಂಜೆವರೆಗೂ ಕಾಲ ಮೇಲೇ. ಅವರನ್ನು ತಂದು ರೇಸ್ ಓಡಿಸಿ ಅಂತ ನಾನು ಹೇಳುತ್ತಿಲ್ಲ, ಅವರಿಗೆ ಅವರ ಕೆಲಸ ಇದೆ. ಓಡದ ಹೊತ್ತಿನ ನಡಿಗೆಯೂ ತಾಲೀಮೇ ಅಂತ ಹೇಳುತ್ತಿದ್ದೇನೆ. ಬೆಳಗ್ಗೆ ಒಂದು ಗಂಟೆ ಓಡಿ, ಆಮೇಲೆ ಎರಡು ಬೀದಿ ಆಚೆಯ ಹಾಲಿನ ಬೂತ್‌ಗೂ ಸ್ಕೂಟಿ ತೆಗೆದರೆ ಏನು ಬಂತು? ಮನೆಗೆ ಮೂರನೇ ಮಹಡಿ ಹತ್ತಬೇಕಾ, ಇಳಿಯುವಾಗಲೂ ಲಿಫ್ಟ್ ಬಿಡಿ. ಇಳಿಯುವಾಗಲೇ ಮುಖ್ಯ.

ದುರ್ಗದಲ್ಲಿ ಜಾಗಕ್ಕೇನು ಬರ? ಸ್ಟೇಡಿಯಂನಲ್ಲಿ ಸುತ್ತಿ ಸುತ್ತಿ ತಲೆ ತಿರುಗಿಸಿಕೊಳ್ಳುವ ಬದಲು ಚಂದ್ರವಳ್ಳಿ ಕಡೆ ಹೋಗಿ. ಕೋಟೆಗೆ ಟಿಕೆಟ್ ತಗೊಂಡು ಹೋಗಬಹುದು, ಆದರೆ ಪ್ರವಾಸಿಗರ ಮಧ್ಯೆ ಓಡಬೇಡಿ, ಸುಮ್ನೆ ಹತ್ತಿ ಇಳಿಯಿರಿ. ಏಳು ಸುತ್ತಿನ ಕೋಟೆ, ತೊಡೆಗೆ ಅಷ್ಟು ಸಾಕು. ಜೋಗಿಮಟ್ಟಿ ದಾರಿ ಏರಿಗೂ ಇಳಿಜಾರಿಗೂ ಚೆನ್ನಾಗಿದೆ. ಆದರೆ ಅದು ಕಾಡು. ಚಿರತೆ ಇದೆ, ಕರಡಿ ಇದೆ. ನಸುಕಿನಲ್ಲಿ ಒಬ್ಬರೇ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗುವವರನ್ನು ಕಂಡರೆ ನನಗೆ ಭಯ ಆಗುತ್ತದೆ. ಅರಣ್ಯ ಇಲಾಖೆಯವರನ್ನು ಕೇಳಿ, ಬಿಡುವ ಹೊತ್ತಿಗೆ, ಇಬ್ಬರು ಮೂವರು ಕೂಡಿ ಹೋಗಿ. ಹೊಸದುರ್ಗದ ಕಡೆಯವರಿಗೆ ಗಾಳಿಯಂತ್ರದ ಗುಡ್ಡಗಳಿವೆ. ಯಂತ್ರ ಸಾಗಿಸಲು ಮಾಡಿದ ಮಣ್ಣಿನ ರಸ್ತೆ ಉದ್ದಕ್ಕೂ ಏರು. ಅಲ್ಲೂ ಕೇಳಿಕೊಂಡೇ ಹೋಗಿ.

ತಿನ್ನುವುದರ ಬಗ್ಗೆ ಜಾಸ್ತಿ ಹೇಳಲ್ಲ. ಉದ್ದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಪಚ್ಚಬಾಳೆ, ಬೆಲ್ಲ, ಖರ್ಜೂರ ಸಾಕು. ಶೇಂಗಾ ನಮ್ಮ ಊರಿನ ಬೆಳೆ ಅಂತ ಪ್ರೀತಿಯಿಂದ ಓಡುವಾಗ ತಿನ್ನಬೇಡಿ, ಅದರ ಎಣ್ಣೆ ಹೊಟ್ಟೆಯಲ್ಲೇ ಕೂರುತ್ತದೆ. ಮುಗಿಸಿದ ಮೇಲೆ ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನಿ, ಯಾರು ಬೇಡ ಅಂತಾರೆ. ನೀರಿನ ವಿಷಯದಲ್ಲಿ ಮಾತ್ರ ಹುಷಾರು. ಕುಡಿ ಕುಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬರೀ ನೀರು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಜನರ ರಕ್ತ ನೋಡಿದಾಗ 13% ಜನಕ್ಕೆ ಹಾಗಾಗಿತ್ತು. ಬಾಯಾರಿದಾಗ ಕುಡಿಯಿರಿ.

ರೇಸ್ ನಡೆಸುವವರಿಗೂ ನನ್ನದೊಂದು ಮಾತಿದೆ. ಪೋಸ್ಟರ್ ಮೇಲೆ 25 ಕೆ, 50 ಕೆ ಅಂತ ಕಾಣುವಷ್ಟು ದೊಡ್ಡದಾಗಿ ಹಾಕುತ್ತೀರಿ. ಒಟ್ಟು ಎಷ್ಟು ಮೀಟರ್ ಏರು, ಎಷ್ಟು ಇಳಿಜಾರು ಅನ್ನುವುದನ್ನು ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಯಾಕೆ ಹಾಕಲ್ಲ? ದುಡ್ಡು ಕಟ್ಟಿದ ಮೇಲೆ ವೆಬ್‌ಸೈಟಿನ ಮೂಲೆಯಲ್ಲಿ ಹುಡುಕಬೇಕು. ಕಟ್‌ಆಫ್ ಸಮಯವನ್ನೂ (ಇಷ್ಟರೊಳಗೆ ಬರದಿದ್ದರೆ ಓಟದಿಂದ ಹೊರಗೆ ಅನ್ನುವ ಗಡುವು) ಬಯಲು ಓಟದ ಲೆಕ್ಕದಲ್ಲೇ ಇಟ್ಟು, ಕೆಸರಿನಲ್ಲಿ ಹುಷಾರಾಗಿ ಬರುತ್ತಿರುವವರನ್ನು ಹದಿನೆಂಟನೇ ಕಿಲೋಮೀಟರ್‌ನಲ್ಲಿ ಜೀಪ್ ಹತ್ತಿಸುವ ಬದಲು, ಹಿಂದಿನ ದಿನ ಮಳೆ ಬಂದರೆ ಅರ್ಧ ಗಂಟೆ ಜಾಸ್ತಿ ಕೊಡಿ. ಕೆಸರು ತೆಗೆಸಿ ಅಂತ ಯಾರೂ ಕೇಳುತ್ತಿಲ್ಲ, ನಾವು ಬರುವುದೇ ಅದಕ್ಕೆ. ಹೊತ್ತು ಕೇಳುತ್ತಿದ್ದೇವೆ ಅಷ್ಟೇ.