ಒಂದು ಸೆಕೆಂಡ್

ಕೇಳುಗರಿಗೆ ನಮಸ್ಕಾರ.

ನಮ್ಮ ತಂದೆಯ ಕೈಗಡಿಯಾರ ಈಗ ನನ್ನ ಹತ್ತಿರವಿದೆ. ಅವರು ಕೊಂಡಾಗಲೇ ಅದು ಸೆಕೆಂಡ್ ಹ್ಯಾಂಡ್. ಅದರ ಸೆಕೆಂಡಿನ ಮುಳ್ಳು ಹನ್ನೆರಡರ ಹತ್ತಿರ ಬಂದಾಗ ಚೂರು ತಡವರಿಸಿ ಮುಂದಕ್ಕೆ ಹೋಗುತ್ತದೆ. ಇನ್ನೊಬ್ಬರ ಕೈ ದಾಟಿ ಬಂದ ವಾಚಿಗೂ ಸೆಕೆಂಡು, ಅದರೊಳಗೆ ಓಡುವ ಮುಳ್ಳಿಗೂ ಸೆಕೆಂಡು. ಎರಡನೆಯದಕ್ಕೂ ಕಾಲಕ್ಕೂ ಏನು ನಂಟು?

ನಂಟು ಲ್ಯಾಟಿನ್ನಿನಲ್ಲಿದೆ. ಗಂಟೆಯನ್ನು 60 ಪಾಲು ಮಾಡಿದರೆ ಸಿಗುವುದು ಮೊದಲ ಸಣ್ಣ ಭಾಗ, 'ಪಾರ್ಸ್ ಮಿನ್ಯೂಟಾ ಪ್ರೀಮಾ'. ಅದೇ ನಮ್ಮ ಮಿನಿಟು. ಅದನ್ನು ಮತ್ತೆ 60 ಪಾಲು ಮಾಡಿದರೆ ಎರಡನೆಯ ಸಣ್ಣ ಭಾಗ, 'ಪಾರ್ಸ್ ಮಿನ್ಯೂಟಾ ಸೆಕುಂಡಾ'. ಮಾತು ಸವೆಯುತ್ತಾ ಬಂದು 'ಎರಡನೆಯದು' ಅನ್ನುವುದಷ್ಟೇ ಉಳಿಯಿತು. ನಮ್ಮ ಪಂಚಾಂಗದ್ದೂ 60ರ ಲೆಕ್ಕವೇ: ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ಒಂದು ವಿಘಳಿಗೆಗೆ 24 ಸೆಕೆಂಡು. 1967ರಿಂದ ಸೆಕೆಂಡಿನ ಅಳತೆ ಸೀಸಿಯಂ ಪರಮಾಣುವಿನದು. ಅದರ ಒಂದು ನಿರ್ದಿಷ್ಟ ವಿಕಿರಣ 919 ಕೋಟಿ 26 ಲಕ್ಷ 31 ಸಾವಿರದ 770 ಸಲ ಕಂಪಿಸಿದರೆ ಒಂದು ಸೆಕೆಂಡು.

ಇಂಗ್ಲಿಷಿಗೆ ಈ ಪದ ಫ್ರೆಂಚಿನಿಂದ ಬಂತು. ಅದಕ್ಕೆ ಮುಂಚೆ ಎರಡನೆಯದಕ್ಕೆ ಅವರು 'ಅದರ್' ಎನ್ನುತ್ತಿದ್ದರು. ದಿನ ಬಿಟ್ಟು ದಿನ ಎನ್ನಲು ಈಗಲೂ 'ಎವೆರಿ ಅದರ್ ಡೇ' ಅನ್ನುತ್ತಾರಲ್ಲ, ಆ ಹಳೆಯ ಅರ್ಥ ಅಲ್ಲಿ ಉಳಿದುಕೊಂಡಿದೆ.

ಬಟ್ಟೆ ಅಂಗಡಿಯಲ್ಲಿ ಎಳೆ ತಪ್ಪಿದ ಸೀರೆಗೆ 'ಸೆಕೆಂಡ್ಸ್ ಮಾಲು' ಎನ್ನುತ್ತಾರೆ. ನಮ್ಮಮ್ಮ ಅಂಥದ್ದನ್ನೇ ಹುಡುಕಿ ತಂದು, ತಪ್ಪಿದ ಎಳೆ ನೆರಿಗೆಯೊಳಗೆ ಹೋಗುವಂತೆ ಉಡುತ್ತಿದ್ದರು. ಸೆಕೆಂಡ್ ಅಂದರೆ ಕಡಿಮೆ ದರ್ಜೆ ಅನ್ನುವ ಈ ಅರ್ಥ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಪದದ ಬೇರಿನಲ್ಲಿ ಅದಿಲ್ಲ. 'ಸೆಕುಂಡುಸ್' ಅಂದರೆ ಹಿಂದೆ ಬರುವುದು. ಹಡಗಿನ ಹಿಂದಿನಿಂದ ಬೀಸಿ ಮುಂದಕ್ಕೆ ತಳ್ಳುವ ಗಾಳಿಗೂ ರೋಮನ್ನರು ಇದೇ ಪದ ಬಳಸುತ್ತಿದ್ದರು. ಹಾಗಾಗಿ ಅದಕ್ಕೆ 'ಅನುಕೂಲ' ಎಂಬ ಅರ್ಥವೂ ಇತ್ತು. ದ್ವಂದ್ವಯುದ್ಧಕ್ಕೆ ಹೊರಟವನ ಜೊತೆ ಹೋಗುವ ಗೆಳೆಯ ಸೆಕೆಂಡ್. ಬಾಕ್ಸಿಂಗ್ ಕಣದ ಮೂಲೆಯಲ್ಲಿ ನೀರು, ಟವೆಲ್ ಹಿಡಿದು ನಿಂತವನೂ ಸೆಕೆಂಡ್.

ಸಂಘದ ಸಭೆಯಲ್ಲಿ ಒಬ್ಬರು ಗೊತ್ತುವಳಿ ಮಂಡಿಸಿದಾಗ ಇನ್ನೊಬ್ಬರು ಕೈ ಎತ್ತಿ 'ನಾನು ಸೆಕೆಂಡ್ ಮಾಡ್ತೀನಿ' ಎನ್ನುತ್ತಾರೆ. ಕನ್ನಡದಲ್ಲಿ ಅದು ಅನುಮೋದನೆ. ನೋಡಿ, ಅನುಕೂಲದಲ್ಲೂ ಅನುಮೋದನೆಯಲ್ಲೂ ಇರುವ 'ಅನು' ಅಂದರೆ ಹಿಂದೆ, ಜೊತೆಗೆ. ಎಲ್ಲಿಯ ಲ್ಯಾಟಿನ್, ಎಲ್ಲಿಯ ಸಂಸ್ಕೃತ! ನಡಾವಳಿ ಪುಸ್ತಕದಲ್ಲಿ ಸೂಚಕರ ಹೆಸರಿನ ಕೆಳಗೆ ಅನುಮೋದಕರ ಹೆಸರನ್ನೂ ಬರೆಯುತ್ತಾರೆ. ಅನುಮೋದಕರು ಸಿಗದಿದ್ದರೆ ಆ ಗೊತ್ತುವಳಿ ಅಲ್ಲಿಗೇ ನಿಲ್ಲುವುದು ಸಭೆಗಳ ರೂಢಿ.

ನಮಸ್ಕಾರ.