ಬ್ರೌಸರ್ ಓಡುತ್ತೆ, ಗಿಟ್ ಪುಶ್ ಮಾತ್ರ ನಿಂತುಬಿಡುತ್ತೆ. ಯಾಕೆ?

[ಪರದೆ: ಒಂದು ಕಡೆ ಬ್ರೌಸರ್, ಇನ್ನೊಂದು ಕಡೆ ಟರ್ಮಿನಲ್]

ಕೋಡ್ ಇಡೋ ತಾಣ ಗಿಟ್‌ಹಬ್‌ನ ಪುಟ ಬ್ರೌಸರ್‌ನಲ್ಲಿ ಸಲೀಸಾಗಿ ತೆರೆಯುತ್ತೆ. ಅದೇ ಲ್ಯಾಪ್‌ಟಾಪ್, ಅದೇ ವೈ-ಫೈ. ಆದರೆ ಕೋಡನ್ನು ಅಲ್ಲಿಗೆ ಕಳಿಸೋಕೆ ಗಿಟ್ ಪುಶ್ ಕೊಟ್ಟರೆ ಕರ್ಸರ್ ಮಿನುಗುತ್ತಾ ಕೂತಿರುತ್ತೆ. ನೆಟ್ ಚೆನ್ನಾಗೇ ಇದೆಯಲ್ಲ, ಇದಕ್ಕೇನಾಯ್ತು?

ಬ್ರೌಸರ್ ಹೋಗೋದು ಸರ್ವರ್‌ನ 443ನೇ ಪೋರ್ಟ್‌ಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ. ನಿಮ್ಮ ರಿಮೋಟ್ ವಿಳಾಸ, ಅಂದರೆ ಕೋಡ್ ಹೋಗಬೇಕಾದ ವಿಳಾಸ, ಕೀ ಬಳಸಿ ಸುರಕ್ಷಿತವಾಗಿ ಸಂಪರ್ಕಿಸೋ ಎಸ್‌ಎಸ್‌ಎಚ್‌ದಾಗಿದ್ದರೆ ಗಿಟ್ ಹೋಗೋದು 22ಕ್ಕೆ. ಹಾಗಾಗಿ ಒಂದು ಸರಿಯಿದೆ ಅಂದರೆ ಇನ್ನೊಂದೂ ಸರಿಯಿದೆ ಅಂತಲ್ಲ. ಇನ್ನು ಎರರ್ ಸಾಲನ್ನು ದಯವಿಟ್ಟು ಪೂರ್ತಿ ಓದಿ. 'ಕುಡ್ ನಾಟ್ ರಿಸಾಲ್ವ್ ಹೋಸ್ಟ್' ಬಂದರೆ ಹೆಸರನ್ನು ಐಪಿ ವಿಳಾಸವಾಗಿಸೋ ಡಿಎನ್‌ಎಸ್ ನೋಡಿ. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಆ ಕಡೆಯಿಂದ ಯಾರೋ 'ಆಗಲ್ಲ' ಅಂತ ಉತ್ತರ ಕೊಟ್ಟಿದ್ದಾರೆ. 'ಟೈಮ್ಡ್ ಔಟ್' ಬಂದರೆ ಉತ್ತರವೇ ಇಲ್ಲ. ಹೆಚ್ಚಾಗಿ ನೆಟ್‌ವರ್ಕ್ ಕಾಯೋ ಫೈರ್‌ವಾಲ್ ನಿಮ್ಮ ಪ್ಯಾಕೆಟ್ಟನ್ನು, ಅಂದರೆ ಡೇಟಾದ ತುಂಡನ್ನು, ಸದ್ದಿಲ್ಲದೆ ಬಿಸಾಕಿದೆ.

22 ಮುಚ್ಚಿದ್ದರೆ ಗಿಟ್‌ಹಬ್‌ಗೆ ಹಿಂಬಾಗಿಲು ಒಂದಿದೆ. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಗಿಟ್‌ಹಬ್ ಡಾಟ್ ಕಾಮ್ ಹೋಸ್ಟ್‌ನ ಕೆಳಗೆ, ಹೋಸ್ಟ್‌ನೇಮ್ 'ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್', ಪೋರ್ಟ್ 443 ಅಂತ ಹಾಕಿ. ಮೊದಲ ಸಲ ಸರ್ವರ್‌ನ ಕೀಯ ಗುರುತಾದ ಫಿಂಗರ್‌ಪ್ರಿಂಟ್ ತೋರಿಸಿ, ಮುಂದುವರಿಯಲಾ ಅಂತ ಕೇಳುತ್ತೆ. ಗಿಟ್‌ಹಬ್ ಪ್ರಕಟಿಸಿರೋದರ ಜೊತೆ ಹೋಲಿಸಿ ನೋಡಿ, ಆಮೇಲೆ 'ಯೆಸ್' ಕೊಡಿ.

[ಪರದೆ: ಎಸ್‌ಎಸ್‌ಎಚ್ ಮೈನಸ್ ವಿ ಲಾಗ್, ಕೊನೆಯ ಸಾಲಿಗೆ ಝೂಮ್]

ಈಗ ಅಸಲಿ ವಿಚಿತ್ರಕ್ಕೆ ಬರೋಣ. ಎಸ್‌ಎಸ್‌ಎಚ್‌ಗೆ 'ಮೈನಸ್ ವಿ' ಕೊಟ್ಟರೆ ಹೆಜ್ಜೆಹೆಜ್ಜೆಯ ಲಾಗ್ ತೋರಿಸುತ್ತೆ. ಅದರಲ್ಲಿ ಕನೆಕ್ಷನ್ ಆಗಿದೆ, 'ಎಸ್ಟಾಬ್ಲಿಷ್ಡ್' ಅಂತಲೂ ಬಂದಿದೆ. ಆಮೇಲೆ ಲಾಗ್ 'ಎಕ್ಸ್‌ಪೆಕ್ಟಿಂಗ್... ಕೆಕ್ಸ್ ಇಸಿಡಿಎಚ್ ರಿಪ್ಲೈ' ಅನ್ನೋ ಸಾಲಿನಲ್ಲಿ, ಅಂದರೆ ಕೀ ವಿನಿಮಯದ ಉತ್ತರ ಕಾಯುತ್ತಾ, ನಿಂತುಬಿಟ್ಟಿದೆ. ವಿಪಿಎನ್ ಹಾಕಿದಾಗ ಮಾತ್ರ ಹೀಗಾಗುತ್ತಿದ್ದರೆ, ಮೊದಲು ಅನುಮಾನ ಪಡಬೇಕಾದ್ದು ಎಂಟಿಯು ಮೇಲೆ.

ಎಂಟಿಯು ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ. ಈಥರ್‌ನೆಟ್‌ನಲ್ಲಿ ಸಾಮಾನ್ಯವಾಗಿ 1500 ಬೈಟ್. ವಿಪಿಎನ್ ಪ್ರತಿ ಪ್ಯಾಕೆಟ್‌ಗೂ ತನ್ನ ಹೆಡರ್, ಅಂದರೆ ವಿಳಾಸದ ಚೀಟಿ, ಸೇರಿಸೋದರಿಂದ ಒಳಗಿನ ಜಾಗ ಕಮ್ಮಿಯಾಗುತ್ತೆ. ಕನೆಕ್ಷನ್ ಶುರುಮಾಡುವ ಪುಟ್ಟ ಪ್ಯಾಕೆಟ್‌ಗಳು ಆರಾಮಾಗಿ ದಾಟುತ್ತವೆ. ಕೀ ವಿನಿಮಯದ ಹೊತ್ತಿಗೆ ದೊಡ್ಡ ಪ್ಯಾಕೆಟ್ ಬರುತ್ತೆ. ಕಿರಿದಾದ ಬಾಗಿಲಲ್ಲಿ ಬೀರು ತೂರಿಸಿದ ಹಾಗೆ, ಅದು ಅಲ್ಲೇ ಸಿಕ್ಕಿಕೊಳ್ಳುತ್ತೆ. ನಿಯಮದ ಪ್ರಕಾರ ನಡುವಿನ ರೌಟರ್ 'ಇದು ದೊಡ್ಡದಾಯ್ತು' ಅಂತ ಐಸಿಎಂಪಿ (ನೆಟ್‌ವರ್ಕ್ ತೊಂದರೆ ತಿಳಿಸೋ) ಸಂದೇಶ ವಾಪಸ್ ಕಳಿಸಬೇಕು. ಆದರೆ ಎಷ್ಟೋ ಕಡೆ ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನೇ ಪೂರ್ತಿ ಬಂದ್ ಮಾಡಿರುತ್ತಾರೆ. ಇದು ತಪ್ಪು ಅಭ್ಯಾಸ, ಬಿಡಬೇಕು. ಯಾಕಂದರೆ ಕಳಿಸುವವನಿಗೆ ಸುದ್ದಿಯೇ ತಲುಪಲ್ಲ; ಅದೇ ಗಾತ್ರದ ಪ್ಯಾಕೆಟ್ಟನ್ನೇ ಮತ್ತೆ ಮತ್ತೆ ಕಳಿಸುತ್ತಾ ಇರುತ್ತಾನೆ.

ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ, ಆ ಕಡೆಯಿಂದ ಉತ್ತರ ಬರುತ್ತಾ ಅಂತ ನೋಡೋ ಪಿಂಗ್ ಕಮಾಂಡ್‌ಗೆ 'ಮೈನಸ್ ಎಫ್, ಮೈನಸ್ ಎಲ್ 1472' ಕೊಡಿ. ಲಿನಕ್ಸ್‌ನಲ್ಲಿ 'ಮೈನಸ್ ಕ್ಯಾಪಿಟಲ್ ಎಂ ಡು, ಮೈನಸ್ ಎಸ್ 1472'. 1472ಕ್ಕೆ ಐಸಿಎಂಪಿ ಹೆಡರ್‌ನ 8, ಐಪಿ ಹೆಡರ್‌ನ 20 ಬೈಟ್ ಸೇರಿದರೆ ಸರಿಯಾಗಿ 1500. ಉತ್ತರ ಬರಲಿಲ್ಲವಾ? ಬರೋ ತನಕ ಸಂಖ್ಯೆ ಇಳಿಸಿ. ಸಿಕ್ಕಿದ್ದಕ್ಕೆ 28 ಕೂಡಿಸಿದರೆ ಅದೇ ನಿಮ್ಮ ದಾರಿಯ ಎಂಟಿಯು. ಮಾಮೂಲಿ ಪಿಂಗ್‌ಗೂ ಉತ್ತರವಿಲ್ಲದಿದ್ದರೆ ಮಾತ್ರ ಈ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ಆಮೇಲೆ ವಿಪಿಎನ್ ಇಂಟರ್‌ಫೇಸ್‌ಗೆ ಆ ಸಂಖ್ಯೆಯನ್ನೋ ಅದಕ್ಕಿಂತ ಸ್ವಲ್ಪ ಕಮ್ಮಿಯನ್ನೋ ಹಾಕಿ ಪುಶ್ ಮಾಡಿ ನೋಡಿ.

[ಪರದೆ: ಎಚ್‌ಟಿಟಿಪಿಎಸ್ ರಿಮೋಟ್]

ಸಮಯ ಕಮ್ಮಿಯಿದೆ, ಉಳಿದದ್ದು ಒಟ್ಟಿಗೆ. ಎಚ್‌ಟಿಟಿಪಿಎಸ್ ಬಳಸುವವರು ಹಳೆಯ ಪ್ರಾಕ್ಸಿಯ (ನಡುವಿನ ಸರ್ವರ್‌ನ) ಸೆಟ್ಟಿಂಗ್ ಉಳಿದಿದೆಯಾ ಅಂತ ಗಿಟ್ ಕಾನ್ಫಿಗ್‌ನಲ್ಲೂ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೂ ನೋಡಿ. ಗಿಟ್ ಕಾನ್ಫಿಗ್‌ಗೆ 'ಶೋ ಆರಿಜಿನ್' ಆಯ್ಕೆ ಕೊಟ್ಟರೆ ಆ ಸೆಟ್ಟಿಂಗ್ ಯಾವ ಫೈಲ್‌ನಿಂದ ಬಂತು ಅಂತಲೂ ತೋರಿಸುತ್ತೆ. ಸರ್ಟಿಫಿಕೇಟ್ ಎರರ್ ಬಂದರೆ ಸರ್ಟಿಫಿಕೇಟ್ ಪರೀಕ್ಷಿಸೋ 'ಎಸ್‌ಎಸ್‌ಎಲ್ ವೆರಿಫೈ'ಯನ್ನು ಆಫ್ ಮಾಡಲೇಬೇಡಿ. ಆಫ್ ಮಾಡಿದರೆ ನಡುವೆ ಯಾರು ಕೂತಿದ್ದರೂ ಗೊತ್ತಾಗಲ್ಲ. ಕಂಪನಿಯ ಸರ್ಟಿಫಿಕೇಟ್ ವಿಂಡೋಸ್‌ನಲ್ಲಿ ಈಗಾಗಲೇ ಇದ್ದರೆ, ಎಸ್‌ಎಸ್‌ಎಲ್ ಬ್ಯಾಕೆಂಡ್ ಅನ್ನು ವಿಂಡೋಸ್‌ನದೇ ಆದ 'ಎಸ್‌ಚಾನೆಲ್' ಮಾಡಿದರೆ ಸಾಕು. ಗಿಟ್‌ನ 'ಪೋಸ್ಟ್ ಬಫರ್' ಸೆಟ್ಟಿಂಗ್ ಏರಿಸಿ ಅನ್ನೋ ಸಲಹೆ ಎಲ್ಲೆಲ್ಲೂ ಸಿಗುತ್ತೆ. ಬಹುಪಾಲು ಪುಶ್ ತೊಂದರೆಗೆ ಅದು ಮದ್ದಲ್ಲ ಅಂತ ಗಿಟ್‌ನ ಕೈಪಿಡಿಯೇ ಹೇಳುತ್ತೆ.

'ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ' ಬಂದರೆ ನೆಟ್‌ವರ್ಕ್ ಸರಿಯಾಗಿದೆ, ಕೀ ಸರಿಪಡಿಸಿಕೊಳ್ಳಿ. ಪಾಸ್‌ವರ್ಡ್ ಒಪ್ಪುತ್ತಿಲ್ಲವಾ? ಗಿಟ್ ಕೆಲಸಕ್ಕೆ ಅದನ್ನು ಒಪ್ಪೋದನ್ನು ಗಿಟ್‌ಹಬ್ 2021ರ ಆಗಸ್ಟ್ 13ರಂದೇ ನಿಲ್ಲಿಸಿದೆ, ಅದರ ಬದಲು ಗಿಟ್‌ಹಬ್‌ನಲ್ಲಿ ತಯಾರಿಸಿದ ಟೋಕನ್ ಹಾಕಿ.